ಮನೆವಾರ್ತೆಯವಳ ತಮ್ಮ

ಹೋಟೆಲಿನಲ್ಲಿ ಅವಳನ್ನು ಎಲ್ಲರೂ ಬೀಗದಮ್ಮ ಎಂದೇ ಕರೆಯುತ್ತಿದ್ದರು. ನೆಲಮಾಳಿಗೆಯ ಬಟ್ಟೆಕೋಣೆ ಅವಳ ವಶದಲ್ಲಿತ್ತು, ಅಲ್ಲಿನ ಕಪಾಟುಗಳ ಬೀಗದಕೈಗಳು ಅವಳ ಸೊಂಟದಲ್ಲಿ. ಬೆಡ್‌ಶೀಟು, ದಿಂಬಿನ ಚೀಲ, ಟವೆಲು, ಕಂಬಳಿ ಎಲ್ಲವೂ ಅಂಚಿಗೆ ಅಂಚು ಕೂಡಿಸಿಕೊಂಡು, ಶಾಲೆಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ ಇರುತ್ತಿದ್ದವು. ನಡುವೆ ಹರಿದ ಶೀಟನ್ನು ಅವಳು ಎಸೆಯುತ್ತಿರಲಿಲ್ಲ. ಅದರ ಗಟ್ಟಿ ಅಂಚುಗಳಿಂದ ದಿಂಬಿನ ಚೀಲ ಹೊಲಿಸುತ್ತಿದ್ದಳು. ದಿಂಬಿನ ಚೀಲ ಸವೆದರೆ ಕಿಟಕಿ ಒರೆಸುವ ಬಟ್ಟೆಯಾಗುತ್ತಿತ್ತು, ಅದೂ ಜಾಳಾದರೆ ಬಾಯ್ಲರ್ ನೋಡಿಕೊಳ್ಳುವವನ ಎಣ್ಣೆಗೈಗೆ ಹೋಗುತ್ತಿತ್ತು. ಇನ್ನು ಯಾವುದಕ್ಕೂ ಬಾರದು ಎಂದಾದ ಮೇಲೇ ಅದು ಕಸದ ಡಬ್ಬಿಯ ಮುಖ ನೋಡಬೇಕು. ರೂಮು ಗುಡಿಸುವ ಹೆಂಗಸರು ಬೆನ್ನ ಹಿಂದೆ ನಗುತ್ತಿದ್ದರು. "ಗಿರಾಕಿ ಮಂಚದ ಮೇಲೇ ಸತ್ತುಹೋದ್ರೆ ಬೀಗದಮ್ಮ ಮೊದಲು ಕೆಳಗಿನ ಶೀಟು ಎಳ್ಕೊಂಡು ಆಮೇಲೆ ಅಳ್ತಾರೆ." ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ. ಅದರಲ್ಲಿ ತಪ್ಪೇನಿದೆ ಅನ್ನಿಸಿತ್ತು.

ತನ್ನ ಈ ಗುಣಕ್ಕೆ ಒಂದು ಹೆಸರಿದೆ ಎಂದು ಅವಳಿಗೆ ಗೊತ್ತಾದದ್ದು ಚರ್ಚಿನಲ್ಲಿ. ಮದುವೆಯಾದ ಹೊಸತರಲ್ಲಿ ಒಂದು ಭಾನುವಾರ ಪಾಸ್ಟರು, ಯಜಮಾನನೊಬ್ಬ ದೂರದೇಶಕ್ಕೆ ಹೊರಟಾಗ ತನ್ನ ಆಸ್ತಿಯನ್ನು ಆಳುಗಳ ಕೈಗೆ ಒಪ್ಪಿಸಿ ಹೋದ ಕಥೆ ಹೇಳಿದರು. ನಮ್ಮದು ಅಂತ ಇಲ್ಲಿ ಏನೂ ಇಲ್ಲ, ಮನೆ, ಮೈ, ಹೊತ್ತು, ಕೈಕಸುಬು ಎಲ್ಲವೂ ದೇವರದು, ನಾವು ಅವನ ಮನೆವಾರ್ತೆ ನೋಡಿಕೊಳ್ಳುವವರು ಅಷ್ಟೇ, ಅವನು ತಿರುಗಿ ಬಂದ ದಿನ ಎಲ್ಲದಕ್ಕೂ ಉತ್ತರ ಹೇಳಬೇಕು ಅಂದರು. ಬೆಂಚಿನ ಮೇಲೆ ಕೂತಿದ್ದ ಬೀಗದಮ್ಮನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹುಟ್ಟಿದಾಗಿನಿಂದ ಅವಳದು ಅಂತ ಒಂದು ವಸ್ತುವೂ ಇರಲಿಲ್ಲ. ಅಪ್ಪ ಸತ್ತಾಗ ಶಾಲೆ ಬಿಡಿಸಿದ್ದು ಅವಳನ್ನು, ಓದಲಿ ಅಂತ ಕಳಿಸಿದ್ದು ತಮ್ಮನನ್ನು. ಹೆತ್ತವಳ ಕೈಯ ಸೌಟು ಯಾವಾಗಲೂ ತಮ್ಮನ ತಟ್ಟೆಯ ಕಡೆಗೇ ವಾಲುತ್ತಿತ್ತು. ಏನೂ ಇಲ್ಲದಿರುವುದೇ ಒಂದು ಹುದ್ದೆ, ಅದೂ ದೊಡ್ಡ ಹುದ್ದೆ ಎಂದು ಆ ಭಾನುವಾರ ಯಾರೋ ಅವಳ ಹೆಸರು ಹಿಡಿದು ಕೂಗಿದ ಹಾಗಾಯಿತು.

ಅಲ್ಲಿಂದ ಅವಳು ಹಿಂತಿರುಗಿ ನೋಡಲಿಲ್ಲ. ಕೆಲವು ವರ್ಷಗಳಲ್ಲಿ ಗುರುವಾರದ ಹೆಂಗಸರ ಕೂಟವನ್ನು ಅವಳೇ ನಡೆಸತೊಡಗಿದಳು. ಆಲೂಗಡ್ಡೆ ಬೇಯಿಸುವಾಗ ಮುಚ್ಚಳ ಮುಚ್ಚಿ, ಅನ್ನ ಬೇಯುವ ಮುಂಚೆಯೇ ಒಲೆ ಆರಿಸಿ, ಉಳಿದದ್ದನ್ನು ಪಾತ್ರೆಯ ಕಾವೇ ಬೇಯಿಸುತ್ತೆ ಅನ್ನುತ್ತಿದ್ದಳು. ಸವೆದ ಸೋಪಿನ ಚೂರುಗಳನ್ನು ಒದ್ದೆ ಮಾಡಿ ಒಂದಕ್ಕೊಂದು ಅಂಟಿಸುವುದನ್ನು ಮಾಡಿ ತೋರಿಸುತ್ತಿದ್ದಳು. ಇನ್ನೊಬ್ಬರ ಮನೆ ಸುದ್ದಿ ಆಡುವ ಹೊತ್ತು ದೇವರ ಚೀಲದಿಂದ ಕದ್ದ ಹೊತ್ತು ಅನ್ನುತ್ತಿದ್ದಳು. ಹೆಂಗಸರು ಕಿವಿಗೊಟ್ಟು ಕೇಳುತ್ತಿದ್ದರು. ಅವಳ ಮಾತಿನಿಂದ ಮುಳುಗುತ್ತಿದ್ದ ಮನೆ ದಡ ಹತ್ತಿದವರೂ ಅವರಲ್ಲಿ ಇದ್ದರು.

ತಮ್ಮನದು ಬೇರೆಯೇ ರೀತಿ. ಅವನು ಗೋಡೆಗಳಿಗೆ ಬಣ್ಣ ಹೊಡೆಯುವ ಪೇಂಟರು. ಮದುವೆಯಾಗಿರಲಿಲ್ಲ, ಬಾಡಿಗೆ ಕೋಣೆಯೊಂದರಲ್ಲಿ ಒಬ್ಬನೇ ಇದ್ದ. ಸ್ನೇಹಿತರು ಅವನಿಗೆ ಇಟ್ಟ ಹೆಸರು ದೊರೆ. ಬೆಳಗ್ಗೆ ಕೈಗೆ ಬಂದದ್ದು ಸಂಜೆಗೆ ನಾಲ್ಕು ಜನರ ಹೊಟ್ಟೆ ಸೇರಿದರೆ ಮಾತ್ರ ಅವನಿಗೆ ನಿದ್ದೆ. ಕುಡಿಯುತ್ತಿದ್ದ, ಕುಡಿಸುತ್ತಿದ್ದ. ಒಮ್ಮೆ ಅಕ್ಕನ ಮದುವೆಗೆ ಬಂದ ಗಡಿಯಾರವನ್ನು ರಿಪೇರಿಗೆ ಅಂತ ಒಯ್ದು, ಹೊತ್ತು ಗೊತ್ತಾಗದೆ ಒದ್ದಾಡುತ್ತಿದ್ದ ಯಾವನೋ ಕಾವಲುಗಾರನಿಗೆ ಕೊಟ್ಟು ಬಂದಿದ್ದ. ರಕ್ತದೊತ್ತಡ ಏರಿದೆ ಎಂದು ಡಾಕ್ಟರು ಕೊಟ್ಟ ಮಾತ್ರೆಗಳಲ್ಲೂ ಅರ್ಧವನ್ನು ಪಕ್ಕದ ಕೋಣೆಯ ಮುದುಕನಿಗೆ ಹಂಚಿದ್ದ. "ಅವನಿಗೂ ಅದೇ ಕಾಯಿಲೆ ಕಣಕ್ಕ, ಪಾಪ" ಅಂದಿದ್ದ. ಮುದುಕ ಬದುಕಿಕೊಂಡ. ದೊರೆಯ ಕಿಡ್ನಿಗಳೆರಡೂ ಕೈಕೊಟ್ಟವು.

ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ, ಯಂತ್ರಕ್ಕೆ ತೋಳು ಒಡ್ಡಿ ರಕ್ತ ತೊಳೆಸಿಕೊಂಡು ಬರಬೇಕಾಯಿತು. ನೀರು ಕುಡಿಯಲೂ ಅಳತೆ. ತಾಯಿ ತನ್ನದನ್ನು ಕೊಡುತ್ತೇನೆ ಎಂದು ಮುಂದೆ ಬಂದಳು. ಡಾಕ್ಟರು ಅವಳ ವಯಸ್ಸು ನೋಡಿ ಆಗುವುದಿಲ್ಲ ಅಂದರು. ಉಳಿದವಳು ಬೀಗದಮ್ಮ. ಪರೀಕ್ಷೆ ಮಾಡಿಸಿದರು. ಅಚ್ಚು ಹೊಂದಿದ ಹಾಗೆ ಹೊಂದಿತು.

ಕಿಡ್ನಿ ಡಾಕ್ಟರು ನಡುವಯಸ್ಸಿನ ಹೆಂಗಸು, ಕಡಿಮೆ ಮಾತಿನವರು. ಬೀಗದಮ್ಮನನ್ನು ಒಬ್ಬಳನ್ನೇ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು.

"ಮನೆಯವರು ಯಾರೂ ಇಲ್ಲ ಈಗ. ನಿಜ ಹೇಳಿ, ಕೊಡೋಕೆ ಮನಸ್ಸಿದೆಯಾ? ಇಲ್ಲ ಅಂದ್ರೆ ನಾಚಿಕೆ ಪಡೋದು ಬೇಡ. ನಿಮ್ಮ ಕಿಡ್ನಿ ಹೊಂದಲ್ಲ ಅಂತ ನಾನೇ ಅವರಿಗೆ ಹೇಳ್ತೀನಿ. ಆಮೇಲೆ ಯಾರೂ ನಿಮ್ಮನ್ನ ಕೇಳಲ್ಲ. ಎಷ್ಟೋ ಜನಕ್ಕೆ ಹಾಗೆ ಹೇಳಿದೀನಿ."

"ಅದು ಸುಳ್ಳಾಗುತ್ತಲ್ಲ ಡಾಕ್ಟ್ರೇ" ಅಂದಳು ಬೀಗದಮ್ಮ.

"ಸಣ್ಣ ಸುಳ್ಳು."

"ನಾನು ಸುಳ್ಳು ಹೇಳಿಸಲ್ಲ. ಕೊಡಲ್ಲ ಅಂತಾನೂ ನಾನು ಹೇಳ್ಲಿಲ್ಲ. ಈ ಮೈ ನನ್ನದಲ್ಲ, ನೋಡ್ಕೋ ಅಂತ ನನ್ನ ಕೈಗೆ ಕೊಟ್ಟಿರೋದು. ಯಾರಿಗೆ ಕೊಡ್ತಾ ಇದೀನಿ ಅಂತ ನೋಡಿ ಕೊಡಬೇಕಾಗುತ್ತೆ."

ಡಾಕ್ಟರು ಎದ್ದು ಬಾಗಿಲು ತೆರೆದರು.

ಆ ಸಂಜೆ ಅಡುಗೆಮನೆಯಲ್ಲಿ ಎಲ್ಲರೂ ಸೇರಿದ್ದರು. ಬೀಗದಮ್ಮನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮನೆಯಲ್ಲಿ ದನಿ ಏರಿಸಿದವನಲ್ಲ. ಅವನು ಗೋಡೆಗೆ ಒರಗಿ ನಿಂತಿದ್ದ. ಮಗಳ ಮನೆಯಲ್ಲೇ ಇರುತ್ತಿದ್ದ ತಾಯಿ ಮಗನ ಪಕ್ಕದಲ್ಲಿ ಕೂತು ಅವನ ತೋಳಿನ ಊತವನ್ನು ಸವರುತ್ತಿದ್ದಳು.

"ಒಂದು ವರ್ಷ" ಅಂದಳು ಬೀಗದಮ್ಮ. "ಒಂದು ವರ್ಷ ನೀನು ಒಂದು ತೊಟ್ಟು ಕುಡೀಬಾರದು. ಡಾಕ್ಟ್ರು ಹೇಳಿದ ಪಥ್ಯ ತಪ್ಪಬಾರದು. ಏಣಿ ಹತ್ತೋಕೆ ಆಗ್ದಿದ್ರೆ ಕೂತ್ಕೊಂಡು ಮಾಡೋ ಕೆಲಸ ಹುಡುಕ್ಕೋಬೇಕು. ಭಾನುವಾರ ಚರ್ಚಿಗೆ ಬರಬೇಕು. ಇರೋದನ್ನ ಹಾಳು ಮಾಡಲ್ಲ ಅಂತ ನನಗೆ ತೋರಿಸು. ಆಮೇಲೆ ಕೊಡ್ತೀನಿ."

ತಾಯಿ ಬಾಯಿ ತೆರೆದಳು. "ಅಷ್ಟು ದಿನ ಇವನು..."

"ಯಂತ್ರ ಇದೆಯಲ್ಲಮ್ಮ. ನನ್ನ ಹತ್ರ ಇರೋ ಒಂದು ಒಳ್ಳೇ ಶೀಟನ್ನ ಮಣ್ಣಲ್ಲಿ ಹಾಸು ಅಂತೀಯಾ?"

ದೊರೆ ಮಾತ್ರ ನಕ್ಕ. "ಅಕ್ಕ ಹೇಳೋದ್ರಲ್ಲಿ ನ್ಯಾಯ ಇದೆ ಬಿಡಮ್ಮ. ನನಗೆ ಗಡಿಯಾರ ಕೊಟ್ಟೇ ಬುದ್ಧಿ ಬಂದಿದೆ ಅವಳಿಗೆ." ಆಮೇಲೆ ಅಕ್ಕನ ಕಡೆ ತಿರುಗಿ, "ಆಯ್ತು ಕಣಕ್ಕ, ಒಂದು ವರ್ಷ" ಅಂದ.

ಅವನು ತಿಂಗಳೊಪ್ಪತ್ತು ತಡೆಯಲಾರ ಎಂದು ಬೀಗದಮ್ಮನಿಗೆ ಖಾತ್ರಿಯಿತ್ತು. ಕುಡುಕ ಅಪ್ಪನ ರಕ್ತ, ಎಲ್ಲಿಗೆ ಹೋಗುತ್ತೆ ಅಂದುಕೊಂಡಿದ್ದಳು. ಭಾನುವಾರ ಚರ್ಚಿನ ಬಾಗಿಲಲ್ಲಿ ಅವನ ಕಾಲರು ಸರಿಮಾಡುವ ನೆಪದಲ್ಲಿ ಹತ್ತಿರ ಹೋಗಿ ಮೂಗು ಒಡ್ಡುತ್ತಿದ್ದಳು. ಎರಡನೆಯ ವಾರವೇ ಅವನಿಗೆ ಅರ್ಥವಾಯಿತು. ಅಂದಿನಿಂದ ಅವಳು ಕೈ ಎತ್ತುವ ಮೊದಲೇ ಡಾಕ್ಟರಿಗೆ ತೋರಿಸುವ ಹಾಗೆ ಬಾಯಿ ಅಗಲಿಸಿ "ಹಾ" ಎಂದು ಉಸಿರು ಬಿಡುತ್ತಿದ್ದ. ಸುತ್ತಲಿದ್ದವರು ನಗುತ್ತಿದ್ದರು. ಅವಳಿಗೆ ಆ ಉಸಿರಿನಲ್ಲಿ ಔಷಧದ ವಾಸನೆ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ.

ತಿಂಗಳು ಕಳೆಯಿತು, ಮಳೆಗಾಲ ಕಳೆಯಿತು. ದೊರೆ ಕುಡಿಯಲಿಲ್ಲ. ಒಂದು ಮೋಟು ಸ್ಟೂಲು ಇಟ್ಟುಕೊಂಡು ಅಂಗಡಿಗಳ ಬಾಗಿಲ ಮೇಲೆ ನಂಬರು ಬರೆಯುವ, ಗೇಟಿನ ಕೆಳಗಿನ ಅರ್ಧಕ್ಕೆ ಬಣ್ಣ ಬಳಿಯುವ ಕೆಲಸ ಹಿಡಿದ. ಮೇಲಿನ ಅರ್ಧವನ್ನು ಬೇರೆಯವರು ಬಳಿಯುತ್ತಿದ್ದರು. ಬಾಯಾರಿಕೆ ಹೆಚ್ಚಾದಾಗ ಒಂದು ಚೂರು ಐಸು ನಾಲಿಗೆಯ ಮೇಲಿಟ್ಟುಕೊಂಡು ಅದು ಕರಗುವವರೆಗೆ ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಗುರುವಾರ ಹೆಂಗಸರ ಕೂಟಕ್ಕೂ ಬಂದು ಹಿಂದಿನ ಬೆಂಚಿನಲ್ಲಿ ಕೂರತೊಡಗಿದ. "ಆಲೂಗಡ್ಡೆಗೆ ಮುಚ್ಚಳ ಮುಚ್ಚಬೇಕು ಅಂತ ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ ಕಣಕ್ಕ" ಅಂದ. ಅವನು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದಾಗ ಬೀಗದಮ್ಮನಿಗೆ ಎದೆಯೊಳಗೆ ಮುಳ್ಳು ಮುರಿದ ಹಾಗಾಯಿತು.

ತಾಯಿ ಬದಲಾದಳು. ಅವಳ ಕಾಲುಗಳಿಗೆ ಕಸುವು ಬಂತು. ಅಂಗಡಿಗೆ ಹೋದಾಗ, ಬಾವಿಕಟ್ಟೆಯಂತೆ ಜನ ಸೇರುವ ಬಸ್‌ಸ್ಟಾಪಿನಲ್ಲಿ, ಎಲ್ಲರಿಗೂ ಒಂದೇ ಮಾತು. "ನನ್ನ ಮಗ ಈಗ ಮುಟ್ಟೋದೇ ಇಲ್ಲ." ಮಗಳ ಬಗ್ಗೆಯೂ ಹೇಳುತ್ತಿದ್ದಳು, ಮಗಳೇ ಅವನನ್ನು ದಾರಿಗೆ ತಂದಳು ಎಂದು. ಬೀಗದಮ್ಮ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಆದರೆ ಊಟದ ಹೊತ್ತಿನಲ್ಲಿ ತಾಯಿಯ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು, ಮಗ ಬಂದನೇ ಎಂದು.

ಚಳಿ ಶುರುವಾಗುವ ಹೊತ್ತಿಗೆ ಡಾಕ್ಟರು ಹೋಟೆಲಿಗೆ ಫೋನು ಮಾಡಿದರು. ದೊರೆಯ ಹೃದಯ ದಣಿಯುತ್ತಿದೆ, ಯಂತ್ರ ಎಲ್ಲವನ್ನೂ ಮಾಡಲಾರದು, ಇನ್ನು ತಡ ಮಾಡಿದರೆ ಆಪರೇಷನ್ ತಡೆಯುವ ಶಕ್ತಿಯೂ ಉಳಿಯುವುದಿಲ್ಲ ಅಂದರು.

"ವರ್ಷ ಅಂತ ಮಾತಾಗಿದೆ ಡಾಕ್ಟ್ರೇ. ಮಾತು ಅಂದ್ರೆ ಮಾತು."

"ನೀವು ಮಾತಾಡಿರೋದು ಅವರ ಜೊತೆ. ಅವರ ಹೃದಯದ ಜೊತೆ ಅಲ್ಲ."

ಬೀಗದಮ್ಮ ಫೋನಿಟ್ಟು ಟವೆಲು ಮಡಚಲು ಕೂತಳು. ಆ ದಿನ ಮಡಿಕೆ ಒಂದೂ ಸರಿ ಬೀಳಲಿಲ್ಲ.

ಮನೆಯಲ್ಲಿ ಗಂಡ ಕೇಳಿದ. "ಇನ್ನೂ ಯಾಕೆ ಕಾಯ್ತೀಯ? ಪಾಸಾಗಿದಾನಲ್ಲ." ಅವಳು ಯೋಚಿಸಿ ಹೇಳುತ್ತೇನೆ ಅಂದಳು. ಮುಂದಿನ ವಾರ ಡಾಕ್ಟರಿಗೆ ತಾನೇ ಫೋನು ಮಾಡಿ, ಸರಿ, ದಿನ ಗೊತ್ತು ಮಾಡಿ ಎಂದು ಹೇಳಿದಳು. ಬೇರೆ ದಾರಿ ಇರಲಿಲ್ಲ. ಊರೆಲ್ಲ ಅವನ ಬಗ್ಗೆ ಒಳ್ಳೆಯ ಮಾತಾಡುತ್ತಿತ್ತು. ತಾಯಿ ಮಗಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅವತ್ತಿನಿಂದ ಬೀಗದಮ್ಮನಿಗೆ ಸ್ನಾನ ಮಾಡುವಾಗಲೆಲ್ಲ ಕೈ ತಾನಾಗಿ ಪಕ್ಕೆಯ ಮೇಲೆ ಹೋಗುತ್ತಿತ್ತು. ಚೆನ್ನಾಗಿ ಕಾಪಾಡಿಕೊಂಡ ಮೈ ಅದು. ಹೊತ್ತಿಗೆ ನಿದ್ದೆ, ಮಿತವಾದ ಊಟ, ಒಂದು ದಿನ ಜ್ವರ ಅಂತ ಮಲಗಿದ್ದಿಲ್ಲ. ಅದನ್ನು ಸೀಳಿ, ಒಳಗಿನದನ್ನು ಸೌಟಿನಲ್ಲಿ ಎತ್ತಿ ಮತ್ತೆ ತಮ್ಮನ ತಟ್ಟೆಗೇ ಬಡಿಸುತ್ತಾರೆ. ಪ್ರಾರ್ಥನೆಗೆ ಕೂತಾಗ ಅವಳು ದೇವರನ್ನು ಕೇಳುತ್ತಿದ್ದದ್ದು ಧೈರ್ಯ. ಆದರೆ ಬಾಯಿಯ ಹಿಂದೆ ಬೇರೊಂದು ಬೇಡಿಕೆ ಇತ್ತು. ಅದನ್ನು ಅವಳು ಮಾತಿಗೆ ತಂದಿರಲಿಲ್ಲ.

ಆ ಹೊತ್ತಿಗೇ ಹೋಟೆಲಿನಲ್ಲಿ ಹಳೆಯ ಕಂಬಳಿಗಳನ್ನು ತೆಗೆದು ಹೊಸದು ಹಾಕಿದರು. ಹಳೆಯವನ್ನು ಚರ್ಚಿನ ಮೂಲಕ ಬಡವರಿಗೆ ಕೊಡಲು ಮ್ಯಾನೇಜರು ಒಪ್ಪಿದ್ದರು. ಬೀಗದಮ್ಮ ಅವನ್ನು ತೊಳೆಸಿ, ಮಡಚಿ, ಚರ್ಚಿನ ಹಿಂದಿನ ಕೋಣೆಯ ಕಪಾಟಿನಲ್ಲಿಟ್ಟು ಬೀಗದಕೈಯನ್ನು ತಮ್ಮನ ಕೈಗೆ ಕೊಟ್ಟಳು. ಸಣ್ಣದರಲ್ಲಿ ನಂಬಿಕೆಗೆ ತಕ್ಕವನಾದವನಿಗೆ ದೊಡ್ಡದನ್ನು ವಹಿಸಬಹುದು ಎಂದು ಅವಳು ಎಷ್ಟೋ ಸಲ ಕೂಟದಲ್ಲಿ ಹೇಳಿದ್ದಳು.

"ಒಂದು ಮನೆಗೆ ಒಂದು. ಇಟ್ಕೊಂಡು ಬಳಸ್ತಾರೆ ಅಂತ ಖಾತ್ರಿ ಇರೋರಿಗೆ ಮಾತ್ರ. ಕುಡಿಯೋರಿಗೆ ಕೊಡಬೇಡ. ಚಳಿಗಾಲ ಪೂರ್ತಿ ಬರಬೇಕು, ನೋಡಿ ನೋಡಿ ಕೊಡು."

"ಸರಿ ಅಕ್ಕ" ಅಂದ ದೊರೆ.

ನಾಲ್ಕು ದಿನ ಹಾಗೇ ಮಾಡಿದ. ಐದನೆಯ ದಿನ ಗಾಳಿ ಬೀಸಿತು, ಮೂಳೆಯೊಳಗೆ ಹೋಗುವಂಥ ಗಾಳಿ. ಯಂತ್ರದಿಂದ ಎದ್ದು ಬರುತ್ತಿದ್ದ ದೊರೆ, ಬಸ್‌ನಿಲ್ದಾಣದ ಗೋಡೆಯ ಬುಡದಲ್ಲಿ ಮುದುಡಿ ಕೂತವರನ್ನು ಕಂಡ. ನೆಟ್ಟಗೆ ಚರ್ಚಿಗೆ ಹೋಗಿ, ಒಂದು ತಳ್ಳುಗಾಡಿ ಕೇಳಿ ಪಡೆದು, ಕಪಾಟು ಖಾಲಿ ಮಾಡಿ, ಆ ಒಂದೇ ಮಧ್ಯಾಹ್ನ ಎಲ್ಲವನ್ನೂ ಹಂಚಿಬಿಟ್ಟ. ಅವರಲ್ಲಿ ಒಬ್ಬ, ಮೊದಲು ಅವನ ಏಣಿ ಹಿಡಿಯುತ್ತಿದ್ದ ಹಳೆಯ ಜೊತೆಗಾರ. ಕುಡಿದು ಕುಡಿದು ಕೈ ನಡುಗಿ, ಯಾರೂ ಏಣಿ ಹಿಡಿಯಲೂ ಕರೆಯದ ಸ್ಥಿತಿಗೆ ಬಂದಿದ್ದವನು.

ಎರಡು ದಿನದ ಮೇಲೆ ಕೂಟದ ಹೆಂಗಸೊಬ್ಬಳು ಬಟ್ಟೆಕೋಣೆಗೆ ಬಂದಳು. ಅವಳ ಕಂಕುಳಲ್ಲಿ ಒಂದು ಕಂಬಳಿ. "ಹಳೇ ಸಾಮಾನಿನ ಅಂಗಡೀಲಿ ನೇತಾಡ್ತಾ ಇತ್ತು ಅಕ್ಕಾ. ಮೂಲೇಲಿ ನಿಮ್ಮ ಹೋಟೆಲಿನ ಗುರುತು ಹೊಲಿದಿದೆ, ನೋಡಿ. ವಿಚಾರಿಸಿದೆ. ನಿಮ್ಮ ತಮ್ಮ ಯಾವನೋ ಕುಡುಕನಿಗೆ ಕೊಟ್ಟಿದ್ದಂತೆ, ಆ ಕುಡುಕ ಅದನ್ನ ಮಾರಿ ಕುಡಿದನಂತೆ."

ಬೀಗದಮ್ಮ ಕಂಬಳಿಯನ್ನು ತೊಡೆಯ ಮೇಲೆ ಹರಡಿಕೊಂಡಳು. ಕೋಪ ಬರಬೇಕಿತ್ತು. ಬಂದದ್ದು ಕೋಪವಲ್ಲ. ವಾರಗಳಿಂದ ಬಿಗಿಹಿಡಿದಿದ್ದ ಉಸಿರು ಸಡಿಲವಾಯಿತು. ಎದೆ ಹಗುರಾಯಿತು, ಹಿಂಡಿ ಹರವಿದ ಬಟ್ಟೆಯ ಹಾಗೆ. ಇದಕ್ಕೇನು ಹೆಸರು ಎಂದು ಹುಡುಕಿದಳು. ಪ್ರಾರ್ಥನೆಗೆ ಸಿಕ್ಕ ಉತ್ತರ, ಎಂದು ಹೆಸರಿಟ್ಟಳು.

ಆ ಭಾನುವಾರ ಆರಾಧನೆ ಮುಗಿದ ಮೇಲೆ ತಾಯಿ, ಗಂಡ, ತಮ್ಮ ಮೂವರನ್ನೂ ಪಾಸ್ಟರ ಕೋಣೆಗೆ ಕರೆದಳು. ಕಂಬಳಿಯನ್ನು ಮೇಜಿನ ಮೇಲಿಟ್ಟಳು.

"ಇದನ್ನ ಯಾರಿಗೆ ಕೊಟ್ಟೆ?"

ದೊರೆ ಗುರುತು ನೋಡಿದ. "ಏಣಿ ಹಿಡೀತಿದ್ದೋನಿಗೆ."

"ಅವನು ಕುಡಿಯೋದು ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮಾರಿ ಕುಡಿದಿದಾನೆ."

"ಹೌದು. ಆಮೇಲೆ ಹೋಗಿ ನನ್ನ ಕೋಟು ಕೊಟ್ಟೆ" ಅಂದ ದೊರೆ. ಅವನ ಮೈಮೇಲೆ ಕೋಟು ಇಲ್ಲದ್ದನ್ನು ಎಲ್ಲರೂ ಆಗ ನೋಡಿದರು. "ಅವನಿಗೆ ಚಳಿಯಾಗ್ತಿತ್ತು ಕಣಕ್ಕ. ಕುಡಿಯೋರಿಗೆ ಚಳಿ ಇನ್ನೂ ಜಾಸ್ತಿ ಆಗುತ್ತೆ, ನನಗೆ ಗೊತ್ತು."

ಬೀಗದಮ್ಮ ಕಂಬಳಿಯನ್ನು ಮಡಚಿದಳು. ಅಂಚು ಅಂಚಿಗೆ ಸೇರಿತು. "ಒಂದು ಕಪಾಟು ಕಂಬಳಿ ಕಾಪಾಡೋಕಾಗ್ಲಿಲ್ಲ ನಿನಗೆ. ನನ್ನ ಮೈ ಕೊಯ್ದು ಕೊಡೋದನ್ನ ಹೇಗೆ ಕಾಪಾಡ್ತೀಯ? ನಾಳೆ ಮಾತ್ರೆ ಇನ್ಯಾವನಿಗೋ ಪಾಪ ಅಂತ ಹಂಚ್ತೀಯ. ಅದು ನನ್ನದಾಗಿದ್ರೆ ಎಸೆದಿದ್ದೆ ನಿನ್ನ ಕಡೆ. ನನ್ನದಲ್ಲ. ಕೊಡೋಕಾಗಲ್ಲ."

ತಾಯಿಗೆ ಮೊದಲು ಅರ್ಥವಾಗಲಿಲ್ಲ. "ಏನು ಕೊಡೋಕಾಗಲ್ಲ? ಕಂಬಳೀನಾ?" ಎಂದು ಅಳಿಯನ ಮುಖ ನೋಡಿದಳು. ಅಳಿಯ ತಲೆ ತಗ್ಗಿಸಿದ. ಆಗ ಅವಳು ಎದ್ದು, ಮಗಳ ಎದುರಿಗೆ ಬಂದು, ಎರಡು ಕೈಯಿಂದಲೂ ಮಗಳ ಸೊಂಟ ಹಿಡಿದುಕೊಂಡಳು, ನೆಲಕ್ಕೆ ಕೂರುವವಳ ಹಾಗೆ. ಅಳಿಯ ಬಂದು ಅವಳನ್ನು ಎತ್ತಿ ಹಿಡಿದ.

ಪಾಸ್ಟರು ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಆ ಮಾತು ನಾನು ಹೇಳಿದ್ದು ಮನೆಯ ವಿಷಯದಲ್ಲಿ, ದುಡಿಮೆಯ ವಿಷಯದಲ್ಲಿ. ಒಡಹುಟ್ಟಿದವನ ಜೀವದ ವಿಷಯದಲ್ಲಿ ನಾನು ಹಾಗೆ ಹೇಳಿರಲಿಲ್ಲ."

"ಎಲ್ಲಿ ನಿಲ್ಲಿಸಬೇಕು ಅಂತ ನೀವು ಹೇಳಿರಲಿಲ್ಲ ಪಾಸ್ಟರ್" ಅಂದಳು ಬೀಗದಮ್ಮ. "ಎಲ್ಲವೂ ಅಂದ್ರಿ. ನಾನು ಎಲ್ಲವೂ ಅಂತಾನೇ ಕೇಳಿಸ್ಕೊಂಡೆ."

ಇದೇ ಹೆಂಗಸನ್ನು ಪಾಸ್ಟರು ಎಷ್ಟೋ ಸಲ ವೇದಿಕೆಯ ಮೇಲಿಂದ ಹೆಸರು ಹಿಡಿದು ಹೊಗಳಿದ್ದರು.

ದೊರೆ ಕೂತಲ್ಲೇ ಇದ್ದ. ಅವನ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಬೀಗದಮ್ಮ ಕಾದಳು. ಬೈದಿದ್ದರೆ ಅವಳಿಗೆ ಅನುಕೂಲವಾಗುತ್ತಿತ್ತು. ಅವನು ಅಂಗೈಯಿಂದ ಮೂಗು ಒರೆಸಿಕೊಂಡ.

"ಅವತ್ತೇ ಕೊಡಲ್ಲ ಅಂದುಬಿಟ್ಟಿದ್ರೆ ಆಗ್ತಿತ್ತು ಕಣಕ್ಕ. ಕುಡ್ಕೊಂಡು ಹಾಯಾಗಿ ಸಾಯ್ತಿದ್ದೆ. ಈಗ ನೋಡು, ಕುಡಿಯೋದು ಮರೆತೇಹೋಗಿದೆ. ಬರೀ ಬಾಯಲ್ಲಿ ಸಾಯಬೇಕು." ಹಾಗೆಂದು ನಗಲು ನೋಡಿದ. ಅರ್ಧಕ್ಕೇ ಕೆಮ್ಮು ಬಂತು.

ಆಮೇಲೆ ಅವನು ಹೆಚ್ಚು ದಿನ ಇರಲಿಲ್ಲ. ಕುಡಿಯಲೂ ಇಲ್ಲ. ಸ್ನೇಹಿತರು ಇನ್ನೇನು ಉಳಿದಿದೆ ಎಂದು ಸೀಸೆ ತಂದರೂ ಮುಟ್ಟಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಅಮ್ಮ ಎಲ್ಲರಿಗೂ ಹೇಳ್ಕೊಂಡು ಬಂದುಬಿಟ್ಟಿದಾಳೆ" ಅಂದನಂತೆ. ಚಳಿ ಇಳಿಯುವ ಮೊದಲೇ ಕಾಲು ಬಾತು, ಉಸಿರು ಸಾಲದೆ, ಆಸ್ಪತ್ರೆಯ ಮಂಚ ಹಿಡಿದ. ತಾಯಿ ಅವನ ಬಳಿಯೇ ಉಳಿದಳು. ಬೀಗದಮ್ಮ ದಿನವೂ ಕೆಲಸ ಮುಗಿಸಿ ಹೋಗುತ್ತಿದ್ದಳು. ಆಸ್ಪತ್ರೆಯ ಶೀಟು ಒರಟು ಎಂದು ಮನೆಯಿಂದ ಮೆತ್ತಗಿನ ಶೀಟು ಒಯ್ದು, ಅವನನ್ನು ಪಕ್ಕಕ್ಕೆ ಹೊರಳಿಸಿ, ಒಂದು ಸುಕ್ಕಿಲ್ಲದ ಹಾಗೆ ಹಾಸಿ ಕೊಡುತ್ತಿದ್ದಳು. ಅದರಲ್ಲಿ ಅವಳು ಯಾವ ಕೊರತೆಯನ್ನೂ ಮಾಡಲಿಲ್ಲ.

ಕೊನೆಯ ದಿನ ಮಧ್ಯಾಹ್ನ ತಾಯಿ ಮುಖ ತೊಳೆಯಲು ಹೊರಗೆ ಹೋಗಿದ್ದಳು. ದೊರೆ ಕಣ್ಣು ತೆರೆದು ನೀರು ಕೇಳಿದ. ಬೆಳಗ್ಗೆಯೇ ನರ್ಸು ಬಂದು, ಇನ್ನು ಅಳತೆ ಬೇಕಾಗಿಲ್ಲ, ಕೇಳಿದಷ್ಟು ಕೊಡಿ ಎಂದು ಹೇಳಿ ಹೋಗಿದ್ದಳು. ಬೀಗದಮ್ಮನೂ ಅದನ್ನು ಕೇಳಿಸಿಕೊಂಡಿದ್ದಳು. ಹೂಜಿ ತುಂಬಿತ್ತು. ಅವಳು ಲೋಟ ತೆಗೆದುಕೊಂಡು, ಇಷ್ಟು ತಿಂಗಳೂ ಅವನಿಗೆ ಗೊತ್ತುಮಾಡಿದ್ದ ಗೆರೆಯವರೆಗೆ ನೀರು ಬಗ್ಗಿಸಿ, ಅಲ್ಲಿಗೆ ನಿಲ್ಲಿಸಿದಳು. ಯೋಚಿಸಿ ಮಾಡಿದ್ದಲ್ಲ. ಕೈಯೇ ನಿಂತಿತು.

ಅವನು ಅಷ್ಟನ್ನೂ ಕುಡಿದು ಲೋಟದ ತಳ ನೋಡಿದ. "ಇನ್ನೊಂಚೂರು."

"ಸ್ವಲ್ಪ ಹೊತ್ತು ಬಿಟ್ಟು ಕೊಡ್ತೀನಿ."

ಅವನು ತಲೆಯಾಡಿಸಿದ, ಹೇಳಿದ ಮಾತು ಕೇಳುವ ಮಗುವಿನ ಹಾಗೆ. ತಾಯಿ ತಿರುಗಿ ಬರುವಷ್ಟರಲ್ಲಿ ಆ ಸ್ವಲ್ಪ ಹೊತ್ತು ಇನ್ನೂ ಆಗಿರಲಿಲ್ಲ, ಅವನು ಮಾತ್ರ ಹೋಗಿದ್ದ. ತುಟಿ ಒಣಗಿತ್ತು. ತಾಯಿ ಒದ್ದೆ ಸೆರಗಿನಿಂದ ಅದನ್ನು ಒರೆಸಿ, ತುಂಬಿದ ಹೂಜಿಯನ್ನೂ, ಮಗಳ ಕೈಯ ಲೋಟವನ್ನೂ ನೋಡಿದಳು.

ಮಣ್ಣು ಕೊಟ್ಟ ಮೇಲಿನ ಗುರುವಾರ ಕೂಟಕ್ಕೆ ಯಾರೂ ಬರಲಾರರು ಎಂದು ಬೀಗದಮ್ಮ ಅಂದುಕೊಂಡಿದ್ದಳು. ಬೆಂಚುಗಳು ತುಂಬಿದ್ದವು. ಕೆಲವರು ಕೈ ಹಿಡಿದು, ಕಷ್ಟದ ಕೆಲಸ ಮಾಡಿದಿರಿ ಅಕ್ಕಾ, ನಮ್ಮಿಂದ ಆಗ್ತಿರಲಿಲ್ಲ ಅಂದರು. ಕಂಬಳಿ ತಂದಿದ್ದ ಹೆಂಗಸು ಕೊನೆಗೆ ಉಳಿದು, ಹಾಸಿಗೆ ಹಿಡಿದ ತನ್ನ ಅತ್ತೆಯನ್ನು ಅನಾಥರ ಆಶ್ರಮಕ್ಕೆ ಸೇರಿಸಿ ಬಂದೆ ಎಂದು ತಿಳಿಸಿದಳು. "ನಮ್ಮ ಹೊತ್ತು, ನಮ್ಮ ಮೈಕಸುವು ಎಲ್ಲಾ ಅವರಿಗೇ ಸೋರಿಹೋಗ್ತಿತ್ತು. ಮನಸ್ಸು ಗಟ್ಟಿ ಮಾಡ್ಕೊಳ್ಳೋಕೆ ಆಗಿರಲಿಲ್ಲ. ನಿಮ್ಮನ್ನ ನೋಡಿ ಧೈರ್ಯ ಬಂತು." ಅವಳ ಮುಖದಲ್ಲಿ ನಿಜವಾದ ಕೃತಜ್ಞತೆ ಇತ್ತು. ಬೀಗದಮ್ಮ ಬೆಂಚುಗಳನ್ನು ಗೋಡೆಗೆ ಸರಿಸತೊಡಗಿದಳು.

ಮನೆಯಲ್ಲಿ ತಾಯಿ ಅತ್ತದ್ದು ಕಡಿಮೆ, ಜಗಳ ಮಾಡಿದ್ದು ಇಲ್ಲವೇ ಇಲ್ಲ. ಒಂದು ವಾರದ ಮೇಲೆ, ಬೆಳಗ್ಗೆ, ಮಗಳ ಮುಂದೆ ಟೀ ಇಡುತ್ತ, "ತಗೊಳ್ಳಿ, ಆರಿಹೋಗುತ್ತೆ" ಅಂದಳು. ಬೀಗದಮ್ಮ ತನ್ನ ಹಿಂದೆ ಯಾರಾದರೂ ಬಂದಿದ್ದಾರೆಯೇ ಎಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಮುಪ್ಪಿನ ಮರೆವು ಇರಬೇಕು ಅಂದುಕೊಂಡಳು. ಸಂಜೆ ಮತ್ತೆ ಅದೇ. "ಬಂದ್ರಾ? ಬಾಗಿಲು ಹಾಕಲಾ?" ಮರುದಿನ, "ಸ್ನಾನಕ್ಕೆ ಒಂದು ಚೊಂಬು ಬಿಸಿನೀರು ತಗೊಳ್ಳಲಾ ಅಮ್ಮಾವ್ರೇ?"

ಮರೆವಲ್ಲ ಎಂದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಮದುವೆಯಾದ ದಿನದಿಂದ ನೀವು, ತಾವು ಎಂದು ಮರ್ಯಾದೆ ಕೊಡುತ್ತಿದ್ದ ಅಳಿಯನನ್ನು ಈಗ ತಾಯಿ, "ಬಾ ಮಗಾ, ಊಟ ಮಾಡು" ಎಂದು ಕರೆಯುತ್ತಿದ್ದಳು. ಅವನ ತಟ್ಟೆಗೆ ಕೇಳದೆಯೇ ಬಡಿಸುತ್ತಿದ್ದಳು. ಅವನೂ ಅಭ್ಯಾಸವಿದ್ದವನ ಹಾಗೆ, "ಸಾಕಮ್ಮ" ಎಂದು ಕೈ ಅಡ್ಡ ಹಿಡಿಯುತ್ತಿದ್ದ. ಅವನು ತನ್ನ ಹಾಸಿಗೆಯನ್ನು ಹೊರಗಿನ ಕೋಣೆಗೆ ಹಾಕಿಕೊಂಡಿದ್ದ. ಕೇಳಿದ್ದಕ್ಕೆ, ಡಿಪೋದ ಕೆಲಸದಲ್ಲಿ ಬೆನ್ನು ನೋವು, ನೆಲದ ಮೇಲೆ ಮಲಗಿದರೆ ಹಿತ ಅಂದ. ಮಗಳ ತಟ್ಟೆಗೆ ಬಡಿಸುವಾಗ ತಾಯಿ ಮೊದಲು ಕೇಳುತ್ತಿದ್ದಳು. "ಇನ್ನೊಂದು ಸೌಟು ಹಾಕಲಾ? ಬೇಡವಾ? ನೀವು ಹೇಳಿದ ಹಾಗೆ."

ಬೀಗದಮ್ಮ ತಡೆದಳು, ತಡೆದಳು. ಮನಸ್ಸಿನಲ್ಲೇ ಎಲ್ಲರ ಜೊತೆ ವಾದ ಮಾಡಿದಳು. ಡಾಕ್ಟರ ಜೊತೆ, ಪಾಸ್ಟರ ಜೊತೆ, ದೇವರ ಜೊತೆ. ಪ್ರತಿ ಸಲವೂ ಅವಳೇ ಗೆದ್ದಳು. ಕಪಾಟು ಖಾಲಿಯಾದದ್ದು ನಿಜ, ಕಂಬಳಿ ಮಾರಿದ್ದು ನಿಜ, ಮಾತು ತಪ್ಪಿದವನು ಅವನು. ಗೆದ್ದು ಮುಗಿಸಿ ಮನೆಗೆ ಬಂದರೆ, "ಬಂದ್ರಾ?"

ಒಂದು ರಜೆಯ ದಿನ ತಾಯಿ ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಬೀಗದಮ್ಮ ಅವಳ ಎದುರಿಗೆ ಕೂತಳು. ಎಷ್ಟೋ ವರ್ಷಗಳಿಂದ ಹಾಗೆ ನೆಲದ ಮೇಲೆ ಕೂತಿರಲಿಲ್ಲ. ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು.

"ಅಮ್ಮ, ಬೈಯಬೇಕು ಅಂದ್ರೆ ಬೈದುಬಿಡು. ಹೊಡಿ ಬೇಕಾದ್ರೆ. ನನ್ನ ನೀನು ಅನ್ನು."

ತಾಯಿ ಸಿಪ್ಪೆಯನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಹಾಕುತ್ತಲೇ ಇದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸ ಮನೆಗೆ ಕೆಲಸಕ್ಕೆ ಸೇರಿದವಳ ಮುಖದಲ್ಲಿರುವಂಥ ಜಾಗ್ರತೆ ಇತ್ತು.

"ಅದು ಈಗ ಬಾಯಿಗೆ ಬರಲ್ಲ ಅಮ್ಮಾವ್ರೇ" ಅಂದಳು. "ನೀವು ಏಳಿ, ನೆಲ ತಣ್ಣಗಿದೆ."

ಬೀಗದಮ್ಮ ಏಳಲಿಲ್ಲ. ತಾಯಿ ಬುಟ್ಟಿಯನ್ನು ತನ್ನ ಕಡೆ ಸ್ವಲ್ಪ ಎಳೆದುಕೊಂಡು, ಕೆಲಸ ಮುಂದುವರಿಸಿದಳು.